ಬಾಲದ ಗಾಲಿ

ಆ ಗಾಲಿ ತಮ್ಮ ಮನೆಯದು ಎಂಬ ಹಟವನ್ನು ಒರೆಸ್ಟ್ ಪಾವ್ಲುಕ್ ಇವತ್ತಿಗೂ ಬಿಟ್ಟಿಲ್ಲ. ಮ್ಯಾನಿಟೋಬಾದ ನಮ್ಮೂರಿನ ಸಂಗ್ರಹಾಲಯದಲ್ಲಿ, ವಿಮಾನದ ಬಾಲದ ಕೆಳಗೆ, ಎಲ್ಲಿರಬೇಕೋ ಅಲ್ಲೇ ಅದು ಈಗ ಇದೆ. ಆದರೂ ಅದರ ಮುಂದೆ ಹಾದುಹೋಗುವಾಗ ಅವನು ಹಲ್ಲು ಕಡಿಯುತ್ತಾನೆ. "ಕದ್ದ ಮಾಲು," ಎನ್ನುತ್ತಾನೆ, ಕೇಳುವವರು ಇರಲಿ ಇಲ್ಲದಿರಲಿ.

ಕಳುವಾದದ್ದು ಅವನು ಹುಟ್ಟುವ ಮೊದಲು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ಬಯಲಿನ ಪೈಲಟ್ ತರಬೇತಿ ಮೈದಾನಗಳಲ್ಲಿ ವಿಮಾನಗಳು ಸಾಲುಗಟ್ಟಿ ಸುಮ್ಮನೆ ನಿಂತಿದ್ದವು. ಸರ್ಕಾರ ಅವನ್ನು ರೈತರಿಗೆ ಮಾರಲು ಹೊರಟಿತು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಅಸಲು ಹುಟ್ಟುತ್ತದೆಂದು ಜನ ಮುಗಿಬಿದ್ದರು. ಒರೆಸ್ಟನ ತಾತನೂ ಪಕ್ಕದ ಹೊಲದ ಹಾಲ್ಡೋರ್ಸನ್ ತಾತನೂ ಸೇರಿ ಒಂದು ಆನ್ಸನ್ ವಿಮಾನ ಕೊಂಡರು. ಪ್ಲೈವುಡ್ ಮೈ, ಎರಡು ಇಂಜಿನ್. ರೆಕ್ಕೆ ಬಿಚ್ಚಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಬಂದರು. ಒಬ್ಬನ ಮನೆ ಎಡಕ್ಕೆ, ಇನ್ನೊಬ್ಬನದು ಬಲಕ್ಕೆ. ದಾರಿ ಕವಲೊಡೆಯುವಲ್ಲಿ ಜಗಳ ಹತ್ತಿತು. ವಿಮಾನ ಯಾರ ಅಂಗಳಕ್ಕೆ? ಒಬ್ಬನೂ ಜಗ್ಗಲಿಲ್ಲ. ಕೊನೆಗೆ ಮರ ಕೊಯ್ಯುವ ಗರಗಸ ತಂದು ನಡುರಸ್ತೆಯಲ್ಲೇ ಅದನ್ನು ಎರಡು ತುಂಡು ಮಾಡಿದರು. ಮೂತಿ ಹಾಲ್ಡೋರ್ಸನ್ನರಿಗೆ, ಬಾಲ ಪಾವ್ಲುಕರಿಗೆ. ಕತ್ತಲಾಯಿತೆಂದು ಎರಡೂ ಅಲ್ಲೇ ಉಳಿದವು. ಮರುದಿನ ಪಾವ್ಲುಕ್ ತಾತ ತಲೆನೋವೆಂದು ತಡವಾಗಿ ಎದ್ದು ಹೋಗಿ ನೋಡಿದರೆ, ಬಾಲ ಇದೆ, ಬಾಲದ ಗಾಲಿ ಮಾಯ! ಅದಾಗಲೇ ಹಾಲ್ಡೋರ್ಸನ್ನರ ಒಂಟಿಗಾಲಿ ಕೈಗಾಡಿಗೆ ಸೇರಿ ಗೊಬ್ಬರ ಹೊರುತ್ತಿತ್ತು.

ಎರಡು ಮನೆಯವರು ಮಾತು ಬಿಟ್ಟರು. ತಾತನಿಂದ ಅಪ್ಪನಿಗೆ, ಅಪ್ಪನಿಂದ ಒರೆಸ್ಟನಿಗೆ ಹೊಲದ ಜೊತೆ ಈ ಸಿಟ್ಟೂ ಬಂತು.

ಪಾವ್ಲುಕರ ಮನೆಯಲ್ಲಿ ಆ ಬಾಲವೇ ಕೋಳಿಗೂಡು. ಮೊಟ್ಟೆ ತರಲು ಒಳಗೆ ನುಸುಳಿದ ಹುಡುಗ ಒರೆಸ್ಟ್ ಕೋಳಿಗಳನ್ನು ಪ್ರಯಾಣಿಕರೆಂದುಕೊಂಡು ಊರೂರು ಹಾರುತ್ತಿದ್ದ. ಮೊಟ್ಟೆ ಮನೆ ಸೇರುವಷ್ಟರಲ್ಲಿ ತಿಂಡಿ ಹೊತ್ತು ಮೀರುತ್ತಿತ್ತು. ಓದು ಎಂಟನೇ ಕ್ಲಾಸಿಗೆ ನಿಂತಿತು. ಆಮೇಲೆ ವೆಲ್ಡಿಂಗ್ ಕೆಲಸ ಕಲಿತ, ಲೇಸ್ಯಾಳನ್ನು ಮದುವೆಯಾದ, ಊರಿನ ಮುರಿದ ನೇಗಿಲುಗಳಿಗೆಲ್ಲ ಬೆಸುಗೆ ಹಾಕಿದ. ಕೋಪ ಮಾತ್ರ ಮೂಗಿನ ತುದಿಯಿಂದ ಇಳಿಯಲಿಲ್ಲ.

ಹಳೆಯ ಹ್ಯಾಂಗರ್ ಸಂಗ್ರಹಾಲಯವಾದಾಗ, ಅದನ್ನು ನಡೆಸಲು ನಿಂತ ನಿವೃತ್ತ ಟೀಚರ್ ಡೊರೀನ್ ಫ್ರೀಸನ್ ಎರಡೂ ಮನೆಗೆ ಹೋಗಿ ತುಂಡುಗಳನ್ನು ಕೇಳಿದರು. ಹಾಲ್ಡೋರ್ಸನ್ ತಾತನ ಮೊಮ್ಮಗ ಗುನ್ನಾರ್ ತಾನು ಕಾಳು ತುಂಬಿಡುತ್ತಿದ್ದ ಮೂತಿ ಕೊಟ್ಟ. ಒರೆಸ್ಟ್ ಬಾಲ ಕೊಟ್ಟದ್ದಲ್ಲದೆ ಅದರ ಹಿಂದೆಯೇ ತಾನೂ ಹೋದ. ಶನಿವಾರ ಬಂತೆಂದರೆ ಹ್ಯಾಂಗರೇ ಅವನ ಮನೆ. ಕೋಳಿಹಿಕ್ಕೆ ಕೆರೆದ. ಕೊಳೆತ ಪದರ ಕಿತ್ತ. ತಾತಂದಿರ ಗರಗಸದ ಗಾಯಕ್ಕೆ ಬರ್ಚ್ ಮರದ ತೇಪೆ ಹಾಕಿದ. ತೇಪೆ ಒಮ್ಮೆ ಬಿಟ್ಟುಕೊಂಡಾಗ ಅವನು ಎಸೆದ ಸುತ್ತಿಗೆಯಿಂದ ತಗಡಿನ ಗೋಡೆಯಲ್ಲಿ ಬಿದ್ದ ತಗ್ಗನ್ನು ಟೀಚರ್ ಇವತ್ತಿಗೂ ಬಂದವರಿಗೆ ತೋರಿಸುತ್ತಾರೆ.

ಕೊನೆಗೆ ಎಲ್ಲ ಕೂಡಿಬಂತು, ಗಾಲಿಯೊಂದು ಬಿಟ್ಟು. ಬಾಲ ಎಣ್ಣೆ ಡ್ರಮ್ಮಿನ ಮೇಲೆ ಕೂತಿತ್ತು.

"ಒರೆಸ್ಟ್, ಜುಲೈ ಒಂದಕ್ಕೆ ಬಾಗಿಲು ತೆಗೀತೀವಿ," ಎಂದರು ಟೀಚರ್. "ಹೀಗೆ ಡ್ರಮ್ಮಿನ ಮೇಲೆ ಕಾವಿಗೆ ಕೂತಿದ್ರೆ ಜನ ಇನ್ನೂ ಕೋಳಿಗೂಡು ಅಂತಾನೇ ಅಂತಾರೆ. ಹೋಗಿ ಗುನ್ನಾರ್‌ನ ಕೇಳಿ."

"ನಮ್ ಗಾಲಿನ ನಾನೇ ಹೋಗಿ ಕೇಳ್ಬೇಕಾ? ಸತ್ರೂ ಇಲ್ಲ ಟೀಚರ್."

"ಹಾಗಾದ್ರೆ ಎಲ್ಲಿಂದಾದ್ರೂ ಬೇರೆ ಗಾಲಿ ತಂದು ಹಾಕಿ."

ಆ ಮಾತು ಅವನಿಗೆ ಚುಚ್ಚಿತು. ಒಂದೊಂದು ಮೊಳೆಯನ್ನೂ ಹುಡುಕಿ ಜೋಡಿಸಿದ ಮೈಗೆ ಯಾವುದೋ ಪರದೇಶಿ ಗಾಲಿಯೇ? ಎರಡು ದಿನ ಮನೆಯಲ್ಲಿ ಪಾತ್ರೆ ಕುಕ್ಕಿದ. ಮೂರನೆಯ ದಿನ ಲೇಸ್ಯಾಳೇ ಬಿಸಿ ಪೆರೋಗಿ ಕಡುಬು ತುಂಬಿದ ಬಟ್ಟಲನ್ನು ಕೈಗಿಟ್ಟಳು. "ಹೋಗ್ಬಾ. ಬಾಯಿ ಬಿಡೋ ಮುಂಚೆ ಇದನ್ನ ಅವನಿಗೆ ಕೊಡು, ತಿಳೀತಾ?"

ಗುನ್ನಾರ್ ಅಂಗಳದಲ್ಲಿ ಅದೇ ಕೈಗಾಡಿ ತಳ್ಳುತ್ತಿದ್ದ. "ಏನೋ, ವಿಮಾನದಲ್ಲಿ ಬರ್ತೀಯ ಅಂದ್ಕೊಂಡಿದ್ದೆ!"

ಬಟ್ಟಲು ಒರೆಸ್ಟನ ಕೈಯಲ್ಲೇ ಉಳಿಯಿತು. "ಗಾಲಿ ಕೊಡು. ನಿಮ್ಮಜ್ಜ ಕದ್ದಿದ್ದು."

"ಕದ್ದಿದ್ದಾ?" ಗುನ್ನಾರ್ ಕೈಗಾಡಿಯನ್ನು ದೊಪ್ಪನೆ ಇಳಿಸಿದ. "ಆ ರಾತ್ರಿ ನಿಮ್ಮಜ್ಜ ಮೂತಿಯೊಳಗೆ ನುಗ್ಗಿ, ದಿಕ್ಸೂಚಿ ಬಿಚ್ಚಿ, ಮುಳ್ಳು ತೇಲೋಕೆ ಅಂತ ಅದರೊಳಗೆ ತುಂಬಿದ್ದ ಸ್ಪಿರಿಟ್ಟೆಲ್ಲ ಕುಡಿದ್ನಲ್ಲ, ಅದು? ಮೂತಿ ನಮ್ದು, ದಿಕ್ಸೂಚಿ ನಮ್ದು, ಸ್ಪಿರಿಟ್ಟೂ ನಮ್ದು ಮಾರಾಯ! ಅದು ವಾಪಸ್ ಬರೋವರೆಗೆ ಅಂತ ನಮ್ಮಜ್ಜ ಗಾಲಿ ಒತ್ತೆ ಇಟ್ಕೊಂಡ."

ಮೂತಿಯಲ್ಲಿ ಸಿಕ್ಕ ದಿಕ್ಸೂಚಿಯನ್ನು ಒರೆಸ್ಟನೇ ಉಜ್ಜಿ ಕೂರಿಸಿದ್ದ. ಗಾಜು ಬಿರುಕಿಲ್ಲದೆ ಇತ್ತು, ಒಳಗೆ ಮಾತ್ರ ಹನಿಯೂ ಇರಲಿಲ್ಲ. ತಾತ ಹೇಳುತ್ತಿದ್ದ ಕತೆಯಲ್ಲಿ ಪ್ರತಿಸಲ ಬರುತ್ತಿದ್ದ, ಮರುದಿನ ಬೆಳಗಿನ ಆ ತಲೆನೋವು ನೆನಪಾಯಿತು.

"ತಲೆನೋವು!" ಎಂದ. ನಗು ತಡೆಯಲಾಗದೆ ಕೈಗಾಡಿಯ ಅಂಚಿನ ಮೇಲೆ ಕುಸಿದು ಕೂತ. ಏನೆಂದು ತಿಳಿಯದಿದ್ದರೂ ಗುನ್ನಾರನಿಗೂ ನಗು ಬಂತು. ಬಟ್ಟಲು ಖಾಲಿಯಾದ ಮೇಲೆ ಅವನೇ ಸ್ಪ್ಯಾನರ್ ತಂದು ಗಾಲಿ ಬಿಚ್ಚಿದ.

"ತಗೊಂಡ್ಹೋಗು. ನಮ್ ಸ್ಪಿರಿಟ್ ಬಾಕಿ ಇದೆ, ಮರೀಬೇಡ."

ಜುಲೈ ಒಂದರಂದು ಆನ್ಸನ್ ತನ್ನದೇ ಗಾಲಿಗಳ ಮೇಲೆ ನಿಂತಿತು. ಒರೆಸ್ಟ್ ಇಡೀ ದಿನ ಬಾಲದ ಬಳಿಯೇ ಇದ್ದ, ಮುಟ್ಟಬಂದ ಮಕ್ಕಳನ್ನು ಗದರಿಸುತ್ತ, ಆಮೇಲೆ ತಾನೇ ಎತ್ತಿ ಮುಟ್ಟಿಸುತ್ತ.

ಮರುಸಂಜೆ ಒಳ್ಳೆಯ ಹೋರಿಲ್ಕಾ ಬಾಟಲಿ ಹಿಡಿದು ಗುನ್ನಾರನ ಮನೆಗೆ ಹೋದ. "ತಗೋ, ನಿಮ್ಮ ಸ್ಪಿರಿಟ್. ಇನ್ನು ಗಾಲಿ ನಮ್ದು." ಗುನ್ನಾರ್ ಎರಡು ಲೋಟ ತಂದ. ಬಾಟಲಿ ಬರಿದಾದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ.

"ಅರ್ಧ ನೀನೇ ಕುಡಿದ್ಯಲ್ಲೋ. ಇದು ಲೆಕ್ಕಕ್ಕೆ ಬರಲ್ಲ."

"ನೀನೇ ಹಾಕ್ಕೊಟ್ಟೆ!"

"ನೀನು ಬೇಡ ಅಂದ್ಯಾ?"

ಕೊಯ್ಲು ಮುಗಿದ ಮೇಲೆ ಒರೆಸ್ಟ್ ಮತ್ತೊಂದು ಬಾಟಲಿ ಒಯ್ದ. ಅದರ ಮುಂದಿನ ವರ್ಷವೂ ಒಯ್ದ. ಪ್ರತಿಸಲವೂ ಗುನ್ನಾರ್ ಎರಡು ಲೋಟವನ್ನೇ ತರುತ್ತಾನೆ. ಆ ಬಾಕಿ ಇನ್ನೂ ತೀರಿಲ್ಲ.