ಆನೆ ಗುದ್ದಿದ ಕಂಬ

ದೇವಸ್ಥಾನದ ಎಡಗಡೆಯ ಮೂರನೇ ಕಂಬದಲ್ಲಿ ಸೊಂಟದ ಎತ್ತರಕ್ಕೆ ಒಂದು ಕುಳಿಯಿದೆ. ಇಪ್ಪತ್ತೆಂಟು ವರ್ಷಗಳಿಂದ ಗೈಡಣ್ಣ ಅದರ ಪಕ್ಕ ನಿಂತು, ಗುಡಿ ಕಟ್ಟಿಸಿದ ರಾಜನ ಪಟ್ಟದಾನೆ ಮದವೇರಿ ಗುದ್ದಿದ ಕಥೆ ಹೇಳುತ್ತ ಬಂದಿದ್ದ. ಕೇಳಿದವರು ಕುಳಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮುಟ್ಟಿ ಮುಟ್ಟಿ ಕುಳಿ ನುಣುಪಾಗಿ, ಆನೆಯೂ ನಿಜವೇ ಆಗಿಹೋಗಿತ್ತು.

ಅಸಲಿಗೆ ಗೈಡಣ್ಣ ಆಗ ಒಂದು ಹಸಿರು ಲಾರಿಯ ಡ್ರೈವರ್. ಅಂಗಳಕ್ಕೆ ಹಾಸುಗಲ್ಲು ತಂದವನು ರಿವರ್ಸಿನಲ್ಲಿ ಕಂಬಕ್ಕೆ ಗುದ್ದಿದ್ದ. ಆಡಳಿತ ಮಂಡಳಿಯವರು ಗದರಿದಾಗ ಬಾಯಿಗೆ ಬಂದದ್ದು ಆನೆ. ಅದುವರೆಗೆ ಕಂಬವನ್ನು ಅವರಾರೂ ನೋಡಿರಲಿಲ್ಲವಾದ್ದರಿಂದ ನಂಬಿದರು. ಇಷ್ಟು ಇತಿಹಾಸ ಬಲ್ಲವನು ಲಾರಿಯಲ್ಲಿರಬಾರದೆಂದು ಗೈಡ್ ಕೆಲಸವನ್ನೂ ಕೊಟ್ಟರು.

ಈಗ ದೇವಸ್ಥಾನದ ಚರಿತ್ರೆ ಪುಸ್ತಕವಾಗುತ್ತಿತ್ತು. ಬರೆಯುತ್ತಿದ್ದವರು ನಿವೃತ್ತ ಹಿಸ್ಟರಿ ಟೀಚರ್. ಅವರು ಕುಳಿಯ ಬಿರುಕಿಗೆ ಟಾರ್ಚ್ ಬಿಟ್ಟರು.

"ಗೈಡಣ್ಣ, ನಿಮ್ಮ ಆನೆ ಹಸಿರು ಬಣ್ಣದ್ದಾ?"

ಸ್ತಂಭದ ಮುಂದೆ ಗೈಡಣ್ಣ ಸ್ತಂಭೀಭೂತನಾದ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಆನೆ ಅಚ್ಚಾಗುತ್ತದೆ. ಬಾಯಲ್ಲಿ ಆಡಿದ ಸುಳ್ಳು ಬೇರೆ, ದೇವರ ಹೆಸರಿನ ಪುಸ್ತಕದಲ್ಲಿ ಹೋಗಿ ಕೂರುವ ಸುಳ್ಳು ಬೇರೆ.

"ಆನೆಯಲ್ಲ ಟೀಚರ್, ಲಾರಿ. ಓಡಿಸ್ತಿದ್ದೋನು ನಾನೇ."

"ಹಿಂದೆ ನೋಡ್ಕೊಂಡು ಬರೋಕಾಗ್ಲಿಲ್ವಾ?"

ಗರ್ಭಗುಡಿಯ ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಮುದಿ ಅರ್ಚಕರು ಕೆಮ್ಮಿದರು.

"ಹಿಂದೆ ನಿಂತು 'ಬರ್ಲಿ, ಬರ್ಲಿ' ಅಂದಿದ್ದು ನಾನಮ್ಮ. ಪಾಪ, ಬಂದ."

"ಮತ್ತೆ ಇಷ್ಟು ವರ್ಷ ಸುಮ್ನಿದ್ರಲ್ಲ ಭಟ್ರೇ!"

"ಆನೆ ಬಂದ್ಮೇಲೆ ನನ್ನನ್ನ ಯಾರೂ ಕೇಳ್ಲೇ ಇಲ್ಲ."

ಟೀಚರ್ ಹಾಳೆಯಲ್ಲಿ ಆನೆಗೆ ಗೆರೆ ಎಳೆದರು. ರಾಜನಿಗೂ ಎಳೆದರು. ಹಿಂಬದಿ ಗೋಡೆಯ ಶಾಸನದ ಪ್ರಕಾರ ಗುಡಿ ಕಟ್ಟಿಸಿದವಳು ಗಾಣದ ಎಣ್ಣೆ ಮಾರುತ್ತಿದ್ದ ಒಬ್ಬ ವಿಧವೆ. ಕತ್ತಲಲ್ಲಿ ದಾರಿ ತಪ್ಪುವವರಿಗಾಗಿ ಅವಳು ಮೊದಲು ಕಟ್ಟಿಸಿದ್ದು ಒಂದು ದೀಪದ ಗೂಡು. ದೀಪವಿದ್ದ ಮೇಲೆ ದೇವರೂ ಇರಲಿ ಎಂದು ಗುಡಿ ಆಮೇಲೆ ಎದ್ದಿತು.

"ಇದನ್ನ ಬಾಯಿಪಾಠ ಮಾಡಿ. ತಪ್ಪು ಒಪ್ಕೊಳ್ಳೋ ಗೈಡು ಇನ್ನೆಲ್ಲಿ ಸಿಗ್ತಾನೆ? ಮಂಡಳಿಯೋರಿಗೆ ನಾನು ಹೇಳ್ತೀನಿ," ಎಂದರು ಟೀಚರ್. ಹೇಳಿದರು ಕೂಡ. ಮಂಡಳಿಯವರು ಒಂದು ತಿಂಗಳು ನೋಡೋಣ ಎಂದರು.

ಅರವತ್ತಮೂರರ ಗೈಡಣ್ಣ ವಾರವಿಡೀ ಮಗ್ಗಿ ಒಪ್ಪಿಸುವವನಂತೆ ಶಾಸನ ಒಪ್ಪಿಸಿದ. ಮೊದಲ ಗುಂಪು ಬಂತು. ವಿಧವೆ, ಗಾಣ, ದೀಪ ಒಂದೂ ತಪ್ಪಲಿಲ್ಲ. ಜನ ತಲೆಯಾಡಿಸಿದರು. ಅಷ್ಟರಲ್ಲಿ ಒಬ್ಬಾಕೆ ಕುಳಿ ತೋರಿಸಿ, "ಇದೇನಣ್ಣ?" ಎಂದಳು.

"ಅದು ನಾನಮ್ಮ. ಗುದ್ದಿದ್ದು."

ಆಕೆ ಕಂಬವನ್ನು ನೋಡಿದಳು. ಗೈಡಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿಮಗೇನೂ ಪೆಟ್ಟಾಗ್ಲಿಲ್ವಾ?"