ಬಿದ್ದವಳು, ಬೀಳುತ್ತಿರುವವಳು

“ಡಾಕ್ಟರೇ, ಬಿದ್ದೆ ಅನ್ನೋದು ಒಂದು ಮಾತು, ಬೀಳ್ತಾ ಇದ್ದೀನಿ ಅನ್ನೋದು ಇನ್ನೊಂದು. ನಾನು ಬಿದ್ದದ್ದು ಒಂದೇ ಸಲ, ಹೋದ ಮಂಗಳವಾರ, ದೋಣಿ ಇಳಿಸೋ ಜಾಗದಲ್ಲಿ. ಯಾರೋ ಹಾವುಮೀನು ಸುಲಿದು ಚರ್ಮ ಅಲ್ಲೇ ಬಿಟ್ಟಿದ್ರು, ಕಾಲು ಜಾರ್ತು. ದವಡೆ ಊದಿ ಬಾಯಿ ಬಿಡೋಕೆ ಆಗ್ಲಿಲ್ಲ, ಅದಕ್ಕೇ ಈ ಹುಡುಗಿ ನನ್ನ ಪರವಾಗಿ ಮಾತಾಡಿದ್ಲು. ಇವಳು ಹುಟ್ಟಿ ಬೆಳೆದದ್ದು ಫ್ರಾನ್ಸಲ್ಲಿ. ಅಲ್ಲಿ ‘ಬಿದ್ದಳು’ ಅನ್ನೋಕೆ ಎರಡು ಪದ ಜೋಡಿಸ್ತಾರಂತೆ. ಇವಳೂ ಹಾಗೇ ನಮ್ಮ ಪೋರ್ಚುಗೀಸಿನ ಎರಡು ಪದ ಜೋಡಿಸಿ ‘ತೈಂ ಕಯೀದು’ ಅಂದ್ಬಿಟ್ಲು. ನಮ್ಮಲ್ಲಿ ಹಾಗೆ ಜೋಡಿಸಿದ್ರೆ ಅರ್ಥವೇ ಬೇರೆ. ನೀವು ಕೇಳಿಸ್ಕೊಂಡದ್ದೇನು? ಮುದುಕಿ ಈಚೆಗೆ ಬೀಳ್ತಾನೇ ಇದಾಳೆ ಅಂತ. ನಿಮ್ಮ ಕಿವೀನೂ ಸರಿ, ಇವಳ ಮನಸ್ಸೂ ಸರಿ, ಮಧ್ಯೆ ಹಾಳಾದದ್ದು ನನ್ನ ಕೆಲಸ.”

ಉಂಬೆಲೀನಾ ಐವತ್ತು ವರ್ಷದಿಂದ ಪೋರ್ಚುಗಲ್ ಕರಾವಳಿಯ ನಮ್ಮೂರು ತೊರೈರಾದ ಹಿನ್ನೀರಿನಲ್ಲಿ ಸೊಂಟಮಟ್ಟ ನಿಂತು, ಕುಂಟೆಯಿಂದ ಚಿಪ್ಪುಮೀನು ಬಾಚುವವಳು. ಪಕ್ಕದ ಮನೆಯ ನಾನು ಓದಿದ್ದು ಮೂರನೇ ತರಗತಿ. ಅವಳು ಅಷ್ಟೂ ಇಲ್ಲ. ಆದರೆ ಕುಂಟೆಯ ಹಲ್ಲಿಗೆ ತಗುಲಿದ್ದು ಕಲ್ಲೋ ಚಿಪ್ಪೋ ಎಂದು ಕೈಯಲ್ಲೇ ತಿಳಿಯುವವಳು, ಮಾತನ್ನೂ ಹಾಗೆಯೇ ತಡವಿ ನೋಡುತ್ತಾಳೆ. ‘ಪದೇ ಪದೇ ಬೀಳುತ್ತಾರೆ, ನೀರಿಗಿಳಿಯಬಾರದು’ ಎಂದು ಡಾಕ್ಟರು ಬರೆದ ಚೀಟಿಯಿಂದ ಅವಳ ಪರವಾನಗಿ ನಿಂತುಹೋಗಿತ್ತು. ದವಡೆಯ ಊತ ಇಳಿದ ದಿನವೇ ನನ್ನನ್ನೂ, ಆವೈರು ಪಟ್ಟಣದಲ್ಲಿ ಓದಲು ಬಂದಿದ್ದ ತಮ್ಮನ ಮಗಳು ಸೊಲಾಂಜಳನ್ನೂ ಕರೆದುಕೊಂಡು ಆಸ್ಪತ್ರೆಗೆ ನಡೆದಳು.

“ಮಾತು ಒಪ್ಪಿದೆ. ಕಾಲು?” ಎಂದರು ಡಾಕ್ಟರು. “ಒಂಟಿ ಕಾಲಲ್ಲಿ ನಿಂತು ತೋರಿಸಿ, ದೋನಾ ಉಂಬೆಲೀನಾ.”

ನಿಂತಳು. ಅವರು ಇಪ್ಪತ್ತರವರೆಗೆ ಎಣಿಸಿದರು, ನಲವತ್ತಾಯಿತು.

“ಸಾಕೋ, ಇಲ್ಲಾ ನಿಮಗೆ ಬರೋ ಅಂಕಿಯೆಲ್ಲ ಮುಗೀಬೇಕೋ?”

ಡಾಕ್ಟರು ನಗುತ್ತ ಹಳೆಯ ಚೀಟಿ ಹರಿದರು. ಹೊಸದರಲ್ಲಿ ಬರೆದದ್ದು ‘ಕಯೀವ್’ ಎಂಬ ಒಂದೇ ಪದ. ಬಿದ್ದರು, ಮುಗಿಯಿತು. ಕೆಳಗೆ, ನೀರಿಗಿಳಿಯಬಹುದು ಎಂದು ಸಹಿ.

ನಾನಾಗಿದ್ದರೆ ದಾರಿಯುದ್ದಕ್ಕೂ ಆ ಹುಡುಗಿಯನ್ನು ಬೈಯುತ್ತಿದ್ದೆ. ಉಂಬೆಲೀನಾ ಹವೆಯ ಮಾತಾಡುತ್ತ ಬಂದಳು. ಅಡುಗೆಮನೆಯಲ್ಲಿ ಸೊಲಾಂಜಳೇ ಬಾಯಿಬಿಟ್ಟಳು.

“ಅತ್ತೆ, ಇನ್ಮೇಲೆ ಆ ಥರ ಪದ ಜೋಡಿಸೋದೇ ಇಲ್ಲ.”

“ಯಾಕಮ್ಮ? ಒಳ್ಳೇ ಮಾತು ಅದು. ಈಚೆಗೆ ನೀನು ವಾರವಾರ ಇಲ್ಲಿಗೆ ಬರ್ತಾ ಇದ್ದೀಯಲ್ಲ, ಅದನ್ನ ಹೇಳೋಕೆ ಹಾಗೇ ಜೋಡಿಸ್ಬೇಕು. ಬಂದೆ ಅಂತ ಮಾತ್ರ ಅಂದ್ರೆ, ಆ ಬರೋದೆಲ್ಲ ಮುಗಿದುಹೋದ ಹಾಗೆ.”

ಇಷ್ಟು ಹೇಳಿ ಆಲೂಗಡ್ಡೆಯ ಬುಟ್ಟಿಯನ್ನು ಅವಳತ್ತ ತಳ್ಳಿದಳು. ನನಗೂ ಒಂದು ಚಾಕು ಕೊಟ್ಟಳು. ಮೂವರೂ ಸಂಜೆಯ ಸಾರಿಗೆ ಸಿಪ್ಪೆ ಹೆರೆಯುತ್ತ ಕುಳಿತೆವು.