ಬಯಾಸ್ ಒಪ್ಪದ ಹೆಡ್‌ಫೋನ್ ತೂತು

ಗೆಳೆಯರೇ, ಕಂಪ್ಯೂಟರ್ ಬಲ್ಲವರಿದ್ದರೆ ಬಿಡಿಸಿ ಹೇಳಿ, ನನಗಂತೂ ಇನ್ನೂ ತಲೆಬುಡ ಗೊತ್ತಾಗಿಲ್ಲ.

ಸಿದ್ದಾಪುರದ ನನ್ನ ಸೈಬರ್ ಕೆಫೆಗೆ ಇವತ್ತು ಸೋದರಮಾವ ಬಂದು, ನನಗೆ ನೋಡಿದ ಹುಡುಗಿಯ ಅಪ್ಪನ ಜೊತೆ ವಾಯ್ಸ್ ಚಾಟಿಗೆ ಕೂತರು. "ನೀ ಕೇಳದು ಬ್ಯಾಡ" ಎಂದು ಮೈಕ್ ಮುಂದಿಟ್ಟುಕೊಂಡು ಹೆಡ್‌ಫೋನ್ ಹಾಕಿಕೊಂಡರು.

ಮಂದ ಕಿವಿಯ ಮಾವನಿಗೆ ಅದರಲ್ಲಿ ಏನೂ ಕೇಳಲಿಲ್ಲ. ಮಾತೆಲ್ಲ ಸ್ಪೀಕರಿನಲ್ಲಿ ಬರುತ್ತಿತ್ತು.

"ಎಂತ? ಜೋರಾಗಿ ಹೇಳಿ!" ಎಂದು ಕಿರುಚಿದರು ಮಾವ.

"ಮಾಣಿಗೆ ಸಿಟ್ಟು ಜಾಸ್ತಿ ಅಡ!" ಎಂದಿತು ಸ್ಪೀಕರು, ಹುಡುಗಿಯ ಅಪ್ಪನ ದನಿಯಲ್ಲಿ. ಹುಡುಗನಿಗೆ, ಅಂದರೆ ನನಗೆ, ಸಿಟ್ಟು ಜಾಸ್ತಿಯಂತೆ! ಕೆಫೆಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

ನಾನು ಕೇಳಿಸದವನಂತೆ ಕಂಪ್ಯೂಟರ್ ನೋಡಹೋದೆ. ಮೊನ್ನೆಯಷ್ಟೇ ಅದಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ್ದೆ. ಕಂಪ್ಯೂಟರ್ ಚಾಲೂ ಆದ ಕೂಡಲೇ ಏಳುವ ಬಯಾಸ್ ಎಂಬ ಪ್ರೋಗ್ರಾಂ, ಯಾವ ಪಿನ್ನಿಗೆ ಏನು ಜೋಡಿಸಿದೆ ಎಂದು ಶಬ್ದ ಹೊರಡಿಸುವ ಸೌಂಡ್ ಡ್ರೈವರಿಗೆ ಹೇಳಿಡುತ್ತದಂತೆ. ನಮ್ಮ ಬಯಾಸ್ ಈ ಹೆಡ್‌ಫೋನ್ ತೂತಿನ ಪಿನ್ನಿಗೆ ಏನೂ ಜೋಡಿಸಿಲ್ಲ ಎಂದಿದೆ. ಹಾಗಾದರೆ ಹಳೇ ಸಿಸ್ಟಮಿನಲ್ಲಿ ಹೇಗೆ ಕೇಳುತ್ತಿತ್ತು? ಆ ಡ್ರೈವರ್ ಬಯಾಸಿನ ಮಾತಿಗೆ ಸೊಪ್ಪು ಹಾಕುತ್ತಿರಲಿಲ್ಲವೋ ಏನೋ.

ಹೆಡ್‌ಫೋನ್ ತೆಗೆದು ನನ್ನ ವಿವರಣೆ ಕೇಳಿದ ಮಾವ, "ತೂತು ಇದ್ದಲಾ, ವಾಯರೂ ಇದ್ದಲಾ! ಒಂದ್ಸಲ ನೋಡ್ಲಾಗ್ತಿಲ್ಯನಾ ಅದಕ್ಕೆ?" ಎಂದು ರೇಗಿದರು.

"ಡ್ರೈವರ್ ನೋಡ್ತಿಲ್ಲೆ ಮಾವ. ಬಯಾಸ್ ಹೇಳಿದ್ದನ್ನೇ ನಂಬ್ತು."

ಅಷ್ಟರಲ್ಲಿ ಸ್ಪೀಕರು ಮತ್ತೆ ಶುರುವಾಯಿತು. "ನಿಲ್ಕುಂದದ ಊರಲ್ಲಿ ಯಾರೋ ಹೇಳಿದ, ಬರೀ ಸಿಡುಕ ಅಡ!"

"ಯಾರು ಹೇಳಿದ್ದು? ನೋಡದ್ದೇ ಹೆಂಗೆ ನಂಬಿದ್ದು?" ನಾನು ಟೇಬಲ್ ಗುದ್ದಿ ಕೂಗಿಬಿಟ್ಟೆ.

ಸ್ಪೀಕರು ಗಪ್ಪಾಯಿತು. ಮೈಕ್ ಇರುವುದನ್ನು ಮಾತ್ರ ಆ ಬಯಾಸ್ ಸರಿಯಾಗಿಯೇ ಹೇಳಿತ್ತು.